ಖೋ ಖೋದಲ್ಲಿ ಕುರುಬೂರು ಇದೆ, ಬಾಸ್ಕೆಟ್‌ಬಾಲ್‌ನಲ್ಲಿ ನಾವು ಯಾಕಿಲ್ಲ? ಮಹಿಳಾ ಏಷ್ಯಾ ಕಪ್ ಅಂದ್ರೇನು, ನಮ್ಮ ಹೆಣ್ಮಕ್ಕಳಿಗೆ ದಾರಿ ಎಲ್ಲಿ

ನಂಜನಗೂಡು / ತಿ. ನರಸೀಪುರ: ನಂಜನಗೂಡಿನ ಬಜಾರಿನಲ್ಲಿ ದಿನಸಿ ಅಂಗಡಿ ಇಟ್ಟಿರುವ ಅಣ್ಣ ಒಬ್ಬರು ಹೋದ ವಾರ ಸಿಕ್ಕಿದ್ರು. ಅವರ ಮಗಳು ಏಳನೇ ಕ್ಲಾಸು. ಮೊಬೈಲಿನಲ್ಲಿ ಬಾಸ್ಕೆಟ್‌ಬಾಲ್ ನೋಡಿ ಬಾಲ್ ಕೊಡಿಸಿ ಅಂತ ಹಟ ಹಿಡಿದಿದ್ದಾಳಂತೆ. "ಬಾಲ್ ಕೊಡಿಸೋದು ದೊಡ್ಡದಲ್ಲ ಕಣಪ್ಪ. ಆಡೋದೆಲ್ಲಿ? ಆಡಿದ್ರೂ ಮುಂದೇನು? ಹೆಣ್ಮಕ್ಕಳಿಗೆ ಅದರಲ್ಲಿ ದೊಡ್ಡ ಮ್ಯಾಚ್ ಏನಾದ್ರೂ ಇದ್ಯಾ?" ಅಂತ ಕೇಳಿದ್ರು. ಈ ಪ್ರಶ್ನೆ ಅವರೊಬ್ಬರದ್ದೇ ಅಲ್ಲ. ಹಾಗಾಗಿ ಒಂದೊಂದಾಗಿ ಬಿಡಿಸಿ ಬರೀತಿದ್ದೀನಿ.

ದೊಡ್ಡ ಮ್ಯಾಚ್ ಇದ್ಯಾ?

ಇದೆ. ಅದೂ ನಮ್ಮ ರಾಜ್ಯದಲ್ಲೇ ಎರಡು ಸಲ ನಡೆದಿದೆ. ಅದರ ಹೆಸರು ಫಿಬಾ ಮಹಿಳಾ ಏಷ್ಯಾ ಕಪ್. ಫಿಬಾ ಅಂದ್ರೆ ಬಾಸ್ಕೆಟ್‌ಬಾಲ್ ಆಟದ ಅಂತರರಾಷ್ಟ್ರೀಯ ಸಂಸ್ಥೆ. ಇದು ಕ್ಲಬ್‌ಗಳ ಟೂರ್ನಿ ಅಲ್ಲ, ದೇಶ ದೇಶಗಳ ತಂಡಗಳ ಟೂರ್ನಿ. 1965ರಲ್ಲಿ ದಕ್ಷಿಣ ಕೊರಿಯಾದ ಸೋಲ್ ನಗರದಲ್ಲಿ ಶುರುವಾಯ್ತು. ಈಗ ಎರಡು ವರ್ಷಕ್ಕೊಮ್ಮೆ ನಡೆಯುತ್ತೆ. ಇದರಲ್ಲಿ ಮುಂದೆ ಬಂದ ತಂಡಗಳಿಗೆ ವಿಶ್ವಕಪ್ ಕಡೆಗೆ ದಾರಿ ಸಿಗುತ್ತೆ.

2017ರ ಜುಲೈನಲ್ಲಿ ಈ ಕಪ್ ಬೆಂಗಳೂರಿಗೆ ಬಂತು. ಪಂದ್ಯ ನಡೆದದ್ದು ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ. ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್ ಮೊದಲ ಸಲ ಏಷ್ಯಾದ ತಂಡಗಳ ಜೊತೆ ಸೇರಿ ಆಡಿದ್ದು ಆ ವರ್ಷವೇ. ಫೈನಲ್‌ನಲ್ಲಿ ಜಪಾನ್ 74, ಆಸ್ಟ್ರೇಲಿಯಾ 73. ಒಂದೇ ಪಾಯಿಂಟ್ ವ್ಯತ್ಯಾಸ. 2019ರ ಸೆಪ್ಟೆಂಬರ್‌ನಲ್ಲಿ ಮತ್ತೆ ಕಂಠೀರವದಲ್ಲೇ ಏಷ್ಯಾ ಕಪ್ ನಡೀತು. ಆಗಲೂ ಜಪಾನ್, ಚೀನಾವನ್ನು 71-68ರಲ್ಲಿ ಸೋಲಿಸಿ ಕಪ್ ಎತ್ತಿತು.

ನಂಜನಗೂಡಿನಿಂದ ಬೆಳಿಗ್ಗೆ ಹೊರಟರೆ ಮಧ್ಯಾಹ್ನದೊಳಗೆ ಸೇರಬಹುದಾದ ಜಾಗ. ಆದ್ರೂ ನಮ್ಮ ಎರಡೂ ತಾಲ್ಲೂಕಿನಲ್ಲಿ ಈ ಸುದ್ದಿ ಎಷ್ಟು ಜನಕ್ಕೆ ಗೊತ್ತಿತ್ತು? ನನಗಂತೂ ಗೊತ್ತಿರಲಿಲ್ಲ.

ಭಾರತ ಎಲ್ಲಿತ್ತು?

ಇಲ್ಲಿ ಎ ಡಿವಿಷನ್, ಬಿ ಡಿವಿಷನ್ ಅಂತ ಎರಡು ಮೆಟ್ಟಿಲು. ಎ ಡಿವಿಷನ್‌ನಲ್ಲಿ ಬಲವಾದ ಎಂಟು ತಂಡ. ಉಳಿದವು ಬಿ ಡಿವಿಷನ್. ಬಿ ಗೆದ್ದವರು ಮೇಲಕ್ಕೆ ಹತ್ತುತ್ತಾರೆ, ಎ ಡಿವಿಷನ್‌ನಲ್ಲಿ ಕೊನೆಗೆ ಬಂದವರು ಕೆಳಗೆ ಇಳೀತಾರೆ.

2017ರಲ್ಲಿ ಭಾರತ ಬಿ ಡಿವಿಷನ್‌ನಲ್ಲಿತ್ತು. ಜುಲೈ 29ರ ಫೈನಲ್‌ನಲ್ಲಿ ಕಜಕಿಸ್ತಾನದ ಮೇಲೆ 75-73ರಲ್ಲಿ ಗೆದ್ದು ಎ ಡಿವಿಷನ್‌ಗೆ ಹತ್ತಿತು. ಆ ತಂಡದಲ್ಲಿ ಚೆನ್ನೈನ ಅನಿತಾ ಪೌಲ್‌ದುರೈ ಇದ್ರು. ತಾಯಿಯಾದ ಮೇಲೆ ಮತ್ತೆ ಅಂಕಣಕ್ಕೆ ಇಳಿದವರು. ಒಂಬತ್ತು ಏಷ್ಯಾ ಚಾಂಪಿಯನ್‌ಶಿಪ್ ಆಡಿದ ಅವರಿಗೆ 2021ರಲ್ಲಿ ಪದ್ಮಶ್ರೀ ಬಂತು. ನಮ್ಮ ರಾಜ್ಯದ ಪಿ.ಯು. ನವನೀತಾ, ಎಚ್.ಎಂ. ಬಾಂಧವ್ಯ ಕೂಡ ಭಾರತದ ಜೆರ್ಸಿ ಹಾಕಿದವರೇ.

ಮೇಲಕ್ಕೆ ಹತ್ತಿದ್ದೇನೋ ಸರಿ, ನಿಲ್ಲೋದು ಕಷ್ಟ ಆಯ್ತು. 2019ರಲ್ಲಿ ನಮ್ಮದೇ ಅಂಕಣದಲ್ಲಿ ಎಂಟರಲ್ಲಿ ಎಂಟನೇ ಸ್ಥಾನ. 2021ರಲ್ಲಿ ಜೋರ್ಡಾನ್‌ನ ಅಮ್ಮಾನ್‌ನಲ್ಲೂ ಅದೇ ಎಂಟನೇ ಸ್ಥಾನ, ಅಲ್ಲಿಂದ ವಾಪಸ್ ಬಿ ಡಿವಿಷನ್‌ಗೆ. ಅಂದ್ರೆ ದೇಶದ ತಂಡಕ್ಕೇ ಇನ್ನೂ ಒಳ್ಳೆ ಆಟಗಾರ್ತಿಯರು ಬೇಕಾಗಿದ್ದಾರೆ.

ಆಟ ಹೇಗೆ?

ಒಂದು ತಂಡದಲ್ಲಿ 12 ಜನ, ಅಂಕಣದಲ್ಲಿ ಒಂದು ಸಲಕ್ಕೆ 5 ಜನ. ಹತ್ತು ಹತ್ತು ನಿಮಿಷದ ನಾಲ್ಕು ಭಾಗ. ಬಾಲ್ ಕೈಗೆ ಬಂದ ಮೇಲೆ 24 ಸೆಕೆಂಡಿನೊಳಗೆ ರಿಂಗಿಗೆ ಎಸೀಬೇಕು. ಹತ್ತಿರದಿಂದ ಹಾಕಿದ್ರೆ 2 ಪಾಯಿಂಟ್, 6.75 ಮೀಟರ್ ಗೆರೆಯ ಆಚೆಯಿಂದ ಹಾಕಿದ್ರೆ 3, ಫ್ರೀ ಥ್ರೋಗೆ 1. ರಿಂಗ್ ಇರೋದು ನೆಲದಿಂದ 3.05 ಮೀಟರ್, ಅಂದ್ರೆ ಹತ್ತು ಅಡಿ ಎತ್ತರದಲ್ಲಿ. ಅಂಕಣ 28 ಮೀಟರ್ ಉದ್ದ, 15 ಮೀಟರ್ ಅಗಲ. ನಮ್ಮ ಲೆಕ್ಕದಲ್ಲಿ ಹೇಳೋದಾದ್ರೆ ಹೆಚ್ಚುಕಮ್ಮಿ ನಾಲ್ಕು 30-40 ಸೈಟ್.

ಬಾಲ್ ತಗೊಳೋರು ಒಂದು ವಿಷಯ ಗಮನಿಸಿ. ಗಂಡಸರ ಬಾಲ್ 7ನೇ ಸೈಜು, ಹೆಂಗಸರದ್ದು 6, ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ 5. ಚಿಕ್ಕ ಮಕ್ಕಳಿಗೆ ರಿಂಗನ್ನೂ 2.60 ಮೀಟರ್‌ಗೆ ಇಳಿಸ್ತಾರೆ. ಸಣ್ಣ ಹುಡುಗಿ ಕೈಗೆ 7ನೇ ಸೈಜ್ ಕೊಟ್ಟು ಹತ್ತಡಿ ರಿಂಗಿಗೆ ಎಸಿ ಅಂದ್ರೆ ತೋಳು ನೋವು ಬರುತ್ತೆ, ಎರಡೇ ದಿನಕ್ಕೆ ಆಟ ಬಿಡ್ತಾಳೆ. ಸಿಮೆಂಟ್ ನೆಲದಲ್ಲಿ ಆಡೋಕೆ ರಬ್ಬರ್ ಬಾಲ್ ಸಾಕು.

ನಮ್ಮ ಹೆಣ್ಮಕ್ಕಳು ಅಷ್ಟು ಎತ್ತರ ಇಲ್ವಲ್ಲ?

ಇದು ಎಲ್ರೂ ಹೇಳೋ ಮಾತು. ಎತ್ತರ ಇದ್ರೆ ಅನುಕೂಲ, ಅದರಲ್ಲಿ ಸುಳ್ಳಿಲ್ಲ. ಆದ್ರೆ ಬೆಂಗಳೂರಿನಲ್ಲಿ ಎರಡೂ ಸಲ ಗೆದ್ದ ಜಪಾನ್ ನೋಡಿ. ದೊಡ್ಡ ತಂಡಗಳ ಪೈಕಿ ಕುಳ್ಳಗಿನ ತಂಡ ಅಂತಲೇ ಅವರಿಗೆ ಹೆಸರು. ಓಟ ಮತ್ತು ದೂರದಿಂದ ಹಾಕೋ ಮೂರು ಪಾಯಿಂಟ್ ಬಾಲನ್ನೇ ನಂಬಿ 2013ರಿಂದ 2021ರವರೆಗೆ ಸತತ ಐದು ಸಲ ಏಷ್ಯಾ ಗೆದ್ದರು. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಫೈನಲ್ ತನಕ ಹೋಗಿ ಅಮೆರಿಕದ ಮೇಲೆ 75-90ರಲ್ಲಿ ಸೋತು ಬೆಳ್ಳಿ ತಗೊಂಡರು. ಆ ತಂಡದ ರೂಯಿ ಮಚಿಡಾ ಎತ್ತರ 162 ಸೆಂಟಿಮೀಟರ್, ಅಂದ್ರೆ ಐದು ಅಡಿ ನಾಲ್ಕಿಂಚಿನ ಹತ್ತಿರ. ನಮ್ಮ ಬಸ್ ಸ್ಟ್ಯಾಂಡಿನಲ್ಲಿ ಕಾಲೇಜಿಗೆ ಹೋಗೋಕೆ ನಿಂತಿರೋ ಹುಡುಗಿಯರಲ್ಲಿ ಅಷ್ಟು ಎತ್ತರದವರು ಎಷ್ಟೋ ಜನ ಸಿಗ್ತಾರೆ. ಒಲಿಂಪಿಕ್ಸ್ ಸೆಮಿಫೈನಲ್‌ನಲ್ಲಿ ಫ್ರಾನ್ಸ್ ವಿರುದ್ಧ ಈಕೆ ಕೊಟ್ಟ ಪಾಸ್‌ಗಳಿಂದ ಬಾಲ್ 18 ಸಲ ರಿಂಗಿಗೆ ಬಿತ್ತು. ಅದು ಒಲಿಂಪಿಕ್ಸ್ ದಾಖಲೆ.

ಹಾಗಾದ್ರೆ ಕೊರತೆ ಎಲ್ಲಿ? ಕುರುಬೂರು ಹೇಳುತ್ತೆ

ಉತ್ತರ ಹುಡುಕೋಕೆ ದೂರ ಹೋಗಬೇಕಿಲ್ಲ. ತಿ. ನರಸೀಪುರ ತಾಲ್ಲೂಕಿನ ಕುರುಬೂರಿಗೆ ಹೋದರೆ ಸಾಕು. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ ಖೋ ವಿಶ್ವಕಪ್ ನಡೀತು. ಜನವರಿ 19ರ ಮಹಿಳಾ ಫೈನಲ್‌ನಲ್ಲಿ ಭಾರತ ನೇಪಾಳವನ್ನು 78-40ರಲ್ಲಿ ಸೋಲಿಸಿತು. ಆ ತಂಡದಲ್ಲಿದ್ದ, ಫೈನಲ್‌ನಲ್ಲಿ ಪಂದ್ಯದ ಶ್ರೇಷ್ಠ ಆಟಗಾರ್ತಿ ಅನ್ನಿಸಿಕೊಂಡ ಬಿ. ಚೈತ್ರಾ ಕುರುಬೂರಿನವರು. ಆಮೇಲೆ ರಾಜ್ಯ ಸರ್ಕಾರ 5 ಲಕ್ಷ ರೂಪಾಯಿ ಬಹುಮಾನ ಘೋಷಿಸಿದಾಗ ಚೈತ್ರಾ ಮತ್ತು ಪುರುಷರ ತಂಡದ ಎಂ.ಕೆ. ಗೌತಮ್ ಇಬ್ಬರೂ ಬೇಡ ಅಂದ್ರು. ಮಹಾರಾಷ್ಟ್ರ ತನ್ನ ಆಟಗಾರರಿಗೆ 2.25 ಕೋಟಿ ರೂಪಾಯಿ ಮತ್ತು ಸರ್ಕಾರಿ ಕೆಲಸ ಘೋಷಿಸಿತ್ತು. ಆ ಸುದ್ದಿ ನಮ್ಮ ಕಡೆ ಎಲ್ಲ ಟೀ ಅಂಗಡಿಯಲ್ಲೂ ಚರ್ಚೆ ಆಯ್ತು.

ಈಗ ಯೋಚನೆ ಮಾಡಿ. ಚೈತ್ರಾ ತಿಂದದ್ದೂ ನಮ್ಮ ರಾಗಿ ಮುದ್ದೆಯೇ, ಕುಡಿದದ್ದೂ ನಮ್ಮ ನೀರೇ. ಖೋ ಖೋಗೆ ಬೇಕಾದ್ದು ಏನು? ಸಮ ಮಾಡಿದ ಮಣ್ಣು, ಎರಡು ಕಂಬ, ಸುಣ್ಣದ ಗೆರೆ, ದಿನಾ ಸಂಜೆ ಬಂದು ನಿಲ್ಲೋ ಒಬ್ಬ ಮೇಷ್ಟ್ರು. ವಿಶ್ವಕಪ್ ನಡೆದದ್ದು ಮ್ಯಾಟ್ ಮೇಲೆ, ಆದ್ರೆ ಕಲಿಕೆ ಶುರುವಾಗೋದು ಮಣ್ಣಿನಲ್ಲೇ. ಬಾಸ್ಕೆಟ್‌ಬಾಲ್‌ನಲ್ಲಿ ಹಾಗಾಗಲ್ಲ. ಮಣ್ಣಿನಲ್ಲಿ ಬಾಲ್ ಪುಟಿಯಲ್ಲ. ಗಟ್ಟಿ ನೆಲ ಬೇಕು, ಅಲುಗಾಡದ ಕಂಬ ಬೇಕು. ಇಷ್ಟು ಆದ ಮೇಲೂ ಹೇಳಿಕೊಡೋರು ಇಲ್ಲದಿದ್ರೆ ಅದು ಬರೀ ಕಂಬ.

ನಾನು ಡಿಗ್ರಿ ಅರ್ಧಕ್ಕೆ ಬಿಟ್ಟವನು. ಓದಿದ ಕಾಲೇಜಿನಲ್ಲಿ ಬಾಸ್ಕೆಟ್‌ಬಾಲ್ ಕಂಬ ಇತ್ತು, ರಿಂಗ್ ಬಗ್ಗಿತ್ತು, ನೆಟ್ ಇರಲಿಲ್ಲ. ಅದರ ಕೆಳಗೆ ನಾವು ಬೈಕ್ ನಿಲ್ಲಿಸ್ತಿದ್ವಿ. ನೆರಳಿತ್ತು ಅಷ್ಟೇ. ಅಲ್ಲಿ ಒಬ್ಬ ಹುಡುಗಿ ಆಡಿದ್ದನ್ನೂ ನಾನು ನೋಡಲಿಲ್ಲ. ಆಗ ಅದು ತಪ್ಪು ಅಂತಲೂ ಅನ್ನಿಸಲಿಲ್ಲ.

ಕಾಶಿಯಿಂದ ಒಂದು ಉದಾಹರಣೆ

ನಂಜನಗೂಡನ್ನ ನಾವು ದಕ್ಷಿಣ ಕಾಶಿ ಅಂತೀವಿ. ಆ ಉತ್ತರದ ಕಾಶಿ, ಅಂದ್ರೆ ವಾರಾಣಸಿಯ ಒಂದೇ ಮನೆಯಿಂದ ನಾಲ್ಕು ಜನ ಅಕ್ಕತಂಗಿಯರು ಭಾರತ ಬಾಸ್ಕೆಟ್‌ಬಾಲ್ ತಂಡಕ್ಕೆ ಆಡಿದ್ದಾರೆ: ದಿವ್ಯಾ, ಪ್ರಶಾಂತಿ, ಆಕಾಂಕ್ಷಾ, ಪ್ರತಿಮಾ ಸಿಂಗ್. ಪ್ರಶಾಂತಿಗೆ 2019ರಲ್ಲಿ ಪದ್ಮಶ್ರೀ ಬಂತು. ಪ್ರತಿಮಾ, ಕ್ರಿಕೆಟಿಗ ಇಶಾಂತ್ ಶರ್ಮಾ ಅವರ ಪತ್ನಿ. ಆ ಊರಿನ ಯು.ಪಿ. ಕಾಲೇಜಿನ ಅಂಕಣದಲ್ಲಿ ಆಡಿ ಬೆಳೆದವರು ಇವರು. ಕುರುಬೂರಿನಲ್ಲಿ ಖೋ ಖೋಗೆ ಆದದ್ದೇ ಅಲ್ಲಿ ಬಾಸ್ಕೆಟ್‌ಬಾಲ್‌ಗೆ ಆಯ್ತು. ಒಂದು ಅಂಕಣ ಇತ್ತು, ಹುಡುಗಿಯರು ದಿನಾ ಹೋಗ್ತಿದ್ರು, ಅಕ್ಕನ ಹಿಂದೆ ತಂಗಿ ಹೋದಳು.

ಇಲ್ಲಿಂದ ದಾರಿ ಹೇಗೆ?

ಒಂದನೇ ದಾರಿ ಶಾಲೆ. ಶಿಕ್ಷಣ ಇಲಾಖೆಯ ಕ್ರೀಡಾಕೂಟ ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ ಅಂತ ಹತ್ತುತ್ತಾ ಹೋಗುತ್ತೆ. ರಾಜ್ಯ ತಂಡಕ್ಕೆ ಸೇರಿದ್ರೆ ರಾಷ್ಟ್ರೀಯ ಶಾಲಾ ಕ್ರೀಡಾಕೂಟ. ಎರಡನೇದು ದಸರಾ ಕ್ರೀಡಾಕೂಟ. ಅದರ ರಾಜ್ಯ ಮಟ್ಟದ ಪಂದ್ಯ ನಡೆಯೋದು ಮೈಸೂರಿನಲ್ಲೇ, ನಮಗೆ ಇದಕ್ಕಿಂತ ಹತ್ತಿರ ಇನ್ನೇನು ಬೇಕು. ಮೂರನೇದು ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಕ್ರೀಡಾ ಹಾಸ್ಟೆಲ್. ಊಟ, ವಸತಿ, ಓದು, ತರಬೇತಿ ಒಟ್ಟಿಗೆ ಸಿಗುತ್ತೆ. ಆಯ್ಕೆಯ ಪ್ರಕಟಣೆ ಬಂದಾಗ ಶಾಲೆಯ ಪಿ.ಟಿ. ಮೇಷ್ಟ್ರನ್ನ ಕೇಳಿ. ತಾರೀಖು ಮುಗಿದ ಮೇಲೆ ಗೊತ್ತಾಗೋದೇ ನಮ್ಮ ಕಡೆ ಹೆಚ್ಚು.

ಮುಂದೆ ಕೆಲಸ ಸಿಗುತ್ತಾ ಅಂತಲೂ ಅಪ್ಪ ಅಮ್ಮ ಕೇಳ್ತಾರೆ, ಕೇಳಲೇಬೇಕು. ಮಹಿಳಾ ಬಾಸ್ಕೆಟ್‌ಬಾಲ್‌ನಲ್ಲಿ ರೈಲ್ವೆ ಮೊದಲಿನಿಂದಲೂ ದೊಡ್ಡ ತಂಡ. ಸ್ಪೋರ್ಟ್ಸ್ ಕೋಟಾದಲ್ಲಿ ಆಟಗಾರ್ತಿಯರನ್ನು ಕೆಲಸಕ್ಕೆ ತಗೊಳ್ತಾರೆ. ಮೇಲೆ ಹೇಳಿದ ಅನಿತಾ ಕೂಡ ದಕ್ಷಿಣ ರೈಲ್ವೆಯವರು. ಎಲ್ಲರಿಗೂ ಸಿಗುತ್ತೆ ಅಂತಲ್ಲ. ರಾಜ್ಯ, ರಾಷ್ಟ್ರ ಮಟ್ಟದಲ್ಲಿ ಆಡಿದ ಸರ್ಟಿಫಿಕೇಟ್ ಇದ್ದವರಿಗೆ ಬಾಗಿಲು ಇದೆ ಅಂತ.

ಪೂರ್ತಿ ಅಂಕಣ ಇಲ್ಲದಿದ್ರೆ?

ಅದಕ್ಕೂ ದಾರಿ ಇದೆ. ಟೋಕಿಯೊದಿಂದ ಒಲಿಂಪಿಕ್ಸ್‌ಗೆ ಸೇರಿದ ಮೂರು ಜನರ ಬಾಸ್ಕೆಟ್‌ಬಾಲ್‌ಗೆ ಒಂದೇ ರಿಂಗ್ ಸಾಕು. ಒಂದು ತಂಡಕ್ಕೆ ಮೂವರು, ಜೊತೆಗೆ ಬದಲಿ ಒಬ್ಬರು. ಹತ್ತು ನಿಮಿಷದ ಆಟ, ಅಷ್ಟರೊಳಗೆ 21 ಪಾಯಿಂಟ್ ಮುಟ್ಟಿದವರು ಅಲ್ಲೇ ಗೆದ್ದಂಗೆ. ಜಾಗ 15 ಮೀಟರ್‌ಗೆ 11 ಮೀಟರ್, ಅಂದ್ರೆ ಒಂದೂವರೆ ಸೈಟ್. ಶಾಲೆಯ ಪ್ರಾರ್ಥನೆ ಜಾಗಕ್ಕೆ ಕಾಂಕ್ರೀಟ್ ಹಾಕಿಸುವಾಗ ಒಂದು ಬದಿಗೆ ಕಂಬ ನೆಟ್ಟರೂ ಆಯ್ತು.

ಅಂಗಡಿಯವರಿಗೆ ಇಲ್ಲೊಂದು ಮಾತು. ಟೂರ್ನಮೆಂಟ್ ಚಂದಾ ಅಂತ ಹುಡುಗರು ಬಂದಾಗ ನೀವು ಇಲ್ಲ ಅನ್ನಲ್ಲ. ಕಪ್ಪಿಗೆ ಕೊಡ್ತೀರಿ, ಫ್ಲೆಕ್ಸಿಗೆ ಕೊಡ್ತೀರಿ. ಮೂರು ದಿನಕ್ಕೆ ಫ್ಲೆಕ್ಸ್ ಹರಿದು ಹೋಗುತ್ತೆ. ಅದೇ ದುಡ್ಡಿನಲ್ಲಿ ಹತ್ತಿರದ ಶಾಲೆಗೆ ಎರಡು 6ನೇ ಸೈಜ್ ಬಾಲ್, ಒಂದು ಜೊತೆ ನೆಟ್ ಕೊಡಿಸಿ ನೋಡಿ. ಬಗ್ಗಿದ ರಿಂಗನ್ನ ನಮ್ಮೂರಿನ ವೆಲ್ಡಿಂಗ್ ಶಾಪಿನವರೇ ನೆಟ್ಟಗೆ ಮಾಡ್ತಾರೆ. ಎಸ್‌ಡಿಎಂಸಿ ಸಭೆಯಲ್ಲಿ ಕೂರೋ ಪೋಷಕರು ಒಂದು ಪ್ರಶ್ನೆ ಕೇಳಿ: ಶಾಲೆ ಬಿಟ್ಟ ಮೇಲೆ ಒಂದು ಗಂಟೆ ಗೇಟು ತೆಗೆದಿರುತ್ತಾ, ಹೆಣ್ಮಕ್ಕಳ ಜೊತೆ ಯಾರಾದ್ರೂ ಇರ್ತಾರಾ? ಆ ಒಂದು ಗಂಟೆ ಇಲ್ಲದಿದ್ರೆ ಬಾಲ್ ಕೊಡಿಸಿದ್ದೂ ವೇಸ್ಟ್.

ದಿನಸಿ ಅಂಗಡಿ ಅಣ್ಣನಿಗೆ ಇದನ್ನೆಲ್ಲ ಹೇಳಿದೆ. ಅವರು ತಕ್ಕಡಿ ಕಡೆಯಿಂದ ತಲೆ ಎತ್ತದೆ, "ಆರನೇ ಸೈಜು ಅಂದ್ಯಲ್ಲ?" ಅಂತ ಕೇಳಿ ಬಿಲ್ ಬುಕ್ಕಿನ ಹಿಂದೆ ಬರ್ಕೊಂಡ್ರು. ಬಾಲ್ ಬರುತ್ತೆ. ಅದನ್ನ ಪುಟಿಸೋಕೆ ಜಾಗ ಕೊಡೋದು ಅವರೊಬ್ಬರ ಕೈಯಲ್ಲಿಲ್ಲ.