ಮರಳಿನ ಮರೆಯ ಜೀವಿಗಳು

ಕಲಬುರಗಿ ಜಿಲ್ಲೆಯ ಕಮಲಾಪುರಕ್ಕೂ ಕಡಲಿಗೂ ನೂರಾರು ಕಿಲೋಮೀಟರುಗಳ ಅಂತರವಿದೆ. ಆದರೂ ಅದೇ ಜಿಲ್ಲೆಯ ಶಹಾಬಾದಿನ ಹಾಸುಗಲ್ಲು ಅನೇಕ ಕೋಟಿ ವರ್ಷಗಳ ಹಿಂದೆ ಆಳವಿಲ್ಲದ ಕಡಲಿನ ತಳದಲ್ಲಿ ಸಂಗ್ರಹವಾದ ಸುಣ್ಣದ ಕೆಸರೇ ಆಗಿದ್ದಿತು. ಕಡಲಿನ ಕಥೆಯನ್ನು ಕಲ್ಲು ಹೀಗೆ ಕಾಪಾಡುತ್ತದೆ. ಆದರೆ ಎಲುಬಾಗಲಿ ಚಿಪ್ಪಾಗಲಿ ಇಲ್ಲದ ಮೆದು ದೇಹದ ಪ್ರಾಣಿಗಳು ಕಲ್ಲಿನಲ್ಲಿ ಗುರುತು ಉಳಿಸುವುದು ತೀರ ಅಪರೂಪ. ಅಂಥವನ್ನು ಅರಿಯಬೇಕಾದರೆ ಅವು ಬದುಕಿರುವಾಗಲೇ ಹುಡುಕಬೇಕು. ಕಡಲ ಮರಳಿನ ಚಪ್ಪಟೆ ಹುಳುಗಳು ಈ ಬಗೆಯವು.

ಪರಾವಲಂಬಿಯಾದ ಲಾಡಿಹುಳುವಿನ ಹೆಸರನ್ನು ನಾವು ಕೇಳಿದ್ದೇವೆ. ಅದರ ಬಳಗದಲ್ಲಿಯೇ ಸ್ವತಂತ್ರವಾಗಿ ಬಾಳುವ ಹುಳುಗಳೂ ಅನೇಕ ಇವೆ. ಮರಳಿನ ಕಣಗಳ ನಡುವೆ ನೀರು ತುಂಬಿದ ಸಂದುಗಳೇ ಇವುಗಳಲ್ಲಿ ಕೆಲವಕ್ಕೆ ಮನೆ. ಹೆಚ್ಚಿನವುಗಳ ಉದ್ದ ಒಂದೆರಡು ಮಿಲಿಮೀಟರು ಮಾತ್ರ. ಮೈಮೇಲಿನ ನವಿರಾದ ರೋಮಗಳ ಬಡಿತದಿಂದ ಅವು ಜಾರುತ್ತ ಸಾಗುತ್ತವೆ. ಅಲೆ ಅಪ್ಪಳಿಸಿದಾಗ ಮರಳಿನ ಕಣಕ್ಕೆ ಅಂಟಿಕೊಳ್ಳುತ್ತವೆ. ಜರ್ಮನಿಯ ಅಡಾಲ್ಫ್ ರೆಮಾನೆ ಎಂಬ ವಿಜ್ಞಾನಿ 20ನೆಯ ಶತಮಾನದ ಪೂರ್ವಾರ್ಧದಲ್ಲಿ ಈ ಗುಪ್ತ ಜೀವಲೋಕವನ್ನು ವ್ಯವಸ್ಥಿತವಾಗಿ ಅಭ್ಯಸಿಸಿದನು. ನಮ್ಮ ದೇಶದಲ್ಲಿ ಪಿ. ಎನ್. ಗಣಪತಿ ಮತ್ತು ಜಿ. ಚಂದ್ರಶೇಖರ ರಾವ್ ಅವರು ವಾಲ್ಟೇರ್ ತೀರದ ಮರಳಿನ ಜೀವಿಗಳನ್ನು ಕುರಿತು 1962ರಲ್ಲಿ ಲೇಖನ ಪ್ರಕಟಿಸಿದರು.

ಮರಳಿಗೆ ಅಂಟಿದ ಹುಳುವನ್ನು ಬಿಡಿಸುವುದು ಹೇಗೆ? ಮರಳಿಗೆ ಮೆಗ್ನೀಷಿಯಂ ಕ್ಲೋರೈಡಿನ ದ್ರಾವಣವನ್ನು ಸುರಿದರೆ ಹುಳುವಿಗೆ ಮಂಪರು ಕವಿದು ಅದರ ಹಿಡಿತ ಸಡಿಲುತ್ತದೆ. ಕೆಲವು ನಿಮಿಷಗಳ ಬಳಿಕ ಪಾತ್ರೆಯನ್ನು ಕುಲುಕಿದಾಗ ಭಾರವಾದ ಮರಳು ಕೆಳಗಿಳಿಯುತ್ತದೆ. ಹಗುರವಾದ ಹುಳು ನೀರಿನಲ್ಲಿ ತೇಲುತ್ತದೆ. ಆ ನೀರನ್ನು ನವಿರಾದ ಜರಡಿಯಲ್ಲಿ ಸೋಸಿ, ಹುಳುವನ್ನು ಶುದ್ಧವಾದ ಕಡಲನೀರಿಗೆ ಬಿಟ್ಟರೆ ಅದು ಚೇತರಿಸಿಕೊಳ್ಳುತ್ತದೆ.

ಮುಂದಿನದು ಗುರುತಿಸುವ ಕಾರ್ಯ. ಸಂರಕ್ಷಕ ದ್ರಾವಣಗಳಲ್ಲಿ ಈ ಮೆದು ದೇಹ ಮುದುಡಿ ರೂಪಗೆಡುವುದರಿಂದ, ಅದನ್ನು ಜೀವಂತವಾಗಿರುವಾಗಲೇ ಗಾಜಿನ ಪಟ್ಟಿಯ ಮೇಲಿರಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿ ಚಿತ್ರ ಬರೆದುಕೊಳ್ಳುತ್ತಾರೆ. ಹೊರರೂಪದಲ್ಲಿ ಒಂದನ್ನೊಂದು ಹೋಲುವ ಹುಳುಗಳು ಒಳರಚನೆಯಲ್ಲಿ ಬೇರೆಯಾಗಿರಬಹುದು. ಆದುದರಿಂದ ಗಂಟಲಿನ ಸ್ಥಾನ, ಅಂಡಾಶಯ ಮತ್ತು ವೃಷಣಗಳ ಜೋಡಣೆ, ಇವನ್ನು ಪರಿಶೀಲಿಸುತ್ತಾರೆ. ಅನೇಕ ಹುಳುಗಳ ಜನನಾಂಗದಲ್ಲಿ ಗಡುಸಾದ ಸಣ್ಣ ಮುಳ್ಳು ಇರುತ್ತದೆ. ಅದರ ಆಕಾರ ಮತ್ತು ಅಳತೆ ಪ್ರಭೇದವನ್ನು ಗುರುತಿಸಲು ಬಹಳ ನೆರವಾಗುತ್ತವೆ. ಬಳಿಕ ದೇಹವನ್ನು ಅತಿ ತೆಳುವಾದ ಸೀಳುಗಳಾಗಿ ಕತ್ತರಿಸಿ, ಬಣ್ಣ ಕಟ್ಟಿ ನೋಡುತ್ತಾರೆ. ಇಂದು ಡಿ.ಎನ್.ಎ. ಪರೀಕ್ಷೆಯೂ ಇದಕ್ಕೆ ಜೊತೆಗೂಡಿದೆ.

ಇಷ್ಟಾದರೂ ಹೊಸದೆಂದು ಸಾರುವಂತಿಲ್ಲ. ಹಿಂದೆ ವರ್ಣಿತವಾದ ಹತ್ತಿರದ ಪ್ರಭೇದಗಳೊಡನೆ ಹೋಲಿಸಿ, ವ್ಯತ್ಯಾಸ ಸ್ಥಿರವಾದುದೆಂದು ತೋರಿಸಬೇಕು. ಅನಂತರ ಜಾತಿ ಮತ್ತು ಪ್ರಭೇದಗಳೆಂಬ ಎರಡು ಪದಗಳ ಹೆಸರಿಟ್ಟು ವಿವರಣೆಯನ್ನು ಪ್ರಕಟಿಸಬೇಕು. ಆಧಾರವಾದ ಮಾದರಿಯನ್ನು ಸಂಗ್ರಹಾಲಯದಲ್ಲಿ ಕಾದಿರಿಸಬೇಕು. ಹಾಗೆ ಮಾಡಿದರೆ ಸಂದೇಹ ಬಂದವರು ಯಾವಾಗ ಬೇಕಾದರೂ ಮರುಪರೀಕ್ಷೆ ನಡೆಸಬಹುದು.

ಇಂಥ ಮರುಪರೀಕ್ಷೆಯ ಫಲಕ್ಕೆ ಒಂದು ನಿದರ್ಶನವಿದೆ. ಪೀಟರ್ ಆಕ್ಸ್ ಎಂಬ ವಿಜ್ಞಾನಿ 1956ರಲ್ಲಿ ಕಡಲ ಮರಳಿನಿಂದ ಪುಟ್ಟ ದವಡೆಗಳುಳ್ಳ ವಿಚಿತ್ರ ಹುಳುಗಳನ್ನು ವರ್ಣಿಸಿದಾಗ ಅವನ್ನು ಚಪ್ಪಟೆ ಹುಳುಗಳ ಸಾಲಿನಲ್ಲಿ ಸೇರಿಸಿದನು. ಅವುಗಳ ರಚನೆ ಹೆಚ್ಚು ತಿಳಿದಂತೆ ಅವು ಬೇರೆಯೆಂಬುದು ಸ್ಪಷ್ಟವಾಯಿತು. 1969ರಲ್ಲಿ ರೂಪರ್ಟ್ ರೀಡ್ಲ್ ಅವಕ್ಕೆ ಪ್ರತ್ಯೇಕ ವಂಶದ ಸ್ಥಾನವನ್ನಿತ್ತನು.

ಕಾರವಾರದಿಂದ ಮಂಗಳೂರಿನವರೆಗೆ ನಮ್ಮ ನಾಡಿಗೂ ಮರಳಿನ ತೀರವಿದೆ. ಮರಳನ್ನು ಮಿತಿಮೀರಿ ತೆಗೆದರೆ, ನೀರಿಗೆ ಎಣ್ಣೆ ಚೆಲ್ಲಿದರೆ, ಈ ಜೀವಿಗಳ ನೆಲೆಯೇ ಕೆಡುತ್ತದೆ. ಮೀನು ಕಡಿಮೆಯಾದರೆ ಬೆಸ್ತನು ಹೇಳಿಯಾನು. ಹೆಸರೇ ಇಲ್ಲದ ಹುಳು ಅಳಿದರೆ ಹೇಳುವವರಾರು? ಒಂದು ಜೀವಿಯನ್ನು ಸರಿಯಾಗಿ ಗುರುತಿಸಿ ಹೆಸರಿಡುವುದು ಅದನ್ನು ಉಳಿಸುವ ಕೆಲಸದ ಮೊದಲ ಹೆಜ್ಜೆಯಾಗಿದೆ.