ಭೂಸೇನೆಯ ರಚನೆಯೂ ಕರ್ನಾಟಕದ ಪಾಲೂ

ಕರ್ನಾಟಕಕ್ಕೆ ಅನ್ಯದೇಶದೊಡನೆ ಹಂಚಿಕೊಂಡ ಭೂಗಡಿಯಿಲ್ಲ. ಪಡುವಣದಲ್ಲಿ ಅರಬ್ಬೀ ಸಮುದ್ರವಿದ್ದರೆ ಉಳಿದ ದಿಕ್ಕುಗಳಲ್ಲಿ ನೆರೆಯ ರಾಜ್ಯಗಳಿವೆ. ಬಂಟ್ವಾಳದಿಂದ ಮಡಂತ್ಯಾರು, ಗುರುವಾಯನಕೆರೆ, ಬೆಳ್ತಂಗಡಿಗಳನ್ನು ಹಾದು ಚಾರ್ಮಾಡಿ ಘಾಟಿಯನ್ನೇರುವ ಹೆದ್ದಾರಿಯ ಆಸುಪಾಸಿನ ಊರುಗಳಲ್ಲಿ ಸೇನೆ ಕಣ್ಣಿಗೆ ಬೀಳುವುದು ರಜೆಯಲ್ಲಿ ಮನೆಗೆ ಬಂದ ಯೋಧನ ರೂಪದಲ್ಲಿ, ನಿವೃತ್ತ ಸುಬೇದಾರರ ರೂಪದಲ್ಲಿ, ಉಜಿರೆ ಮತ್ತು ಮೂಡುಬಿದಿರೆಯ ಕಾಲೇಜು ಮೈದಾನಗಳ ಎನ್‌ಸಿಸಿ ಕವಾಯತಿನಲ್ಲಿ ಅಥವಾ ಮಂಗಳೂರಿನ ಸೇನಾ ನೇಮಕಾತಿ ಕಚೇರಿ ಹೊರಡಿಸುವ ಪ್ರಕಟಣೆಯಲ್ಲಿ ಮಾತ್ರ. ಹಾಗಿದ್ದರೂ ಭಾರತೀಯ ಭೂಸೇನೆಯ ಒಳರಚನೆಯನ್ನು ಅರಿಯಲು ಕರ್ನಾಟಕ ಒಳ್ಳೆಯ ನೆಲೆ. ಗಡಿಯಲ್ಲಿ ಬಂದೂಕು ಹಿಡಿದು ನಿಂತ ಒಬ್ಬ ಸೈನಿಕನ ಹಿಂದೆ ದಾರಿ ಕಡಿಯುವವರು, ಅನ್ನ ಮತ್ತು ಇಂಧನ ತಲುಪಿಸುವವರು, ಸಂದೇಶ ಸಾಗಿಸುವವರು, ಗಾಯಕ್ಕೆ ಮದ್ದು ಮಾಡುವವರು ಸಾಲುಸಾಲಾಗಿ ಇರುತ್ತಾರೆ. ಅಂಥ ಹಲವು ಕಸುಬುಗಳ ತರಬೇತಿ ನಡೆಯುವುದು ಬೆಂಗಳೂರು ಮತ್ತು ಬೆಳಗಾವಿಗಳಲ್ಲಿ.

ಯಾವುದು ಸೇನೆ, ಯಾವುದು ಅಲ್ಲ

ಹಸಿರು ಸಮವಸ್ತ್ರ ತೊಟ್ಟ ಎಲ್ಲರನ್ನೂ ‘ಮಿಲಿಟರಿಯವರು’ ಎಂದು ಕರೆಯುವುದು ಊರಿನ ವಾಡಿಕೆಯಾದರೂ ಆಡಳಿತದ ದೃಷ್ಟಿಯಲ್ಲಿ ಇವರು ಬೇರೆ ಬೇರೆ ಪಡೆಗಳಿಗೆ ಸೇರಿದವರು. ಭೂಸೇನೆ, ನೌಕಾಸೇನೆ, ವಾಯುಸೇನೆಗಳು ರಕ್ಷಣಾ ಸಚಿವಾಲಯಕ್ಕೆ ಒಳಪಟ್ಟಿವೆ. 1965ರಲ್ಲಿ ಸ್ಥಾಪನೆಯಾದ ಗಡಿ ಭದ್ರತಾ ಪಡೆ, ಅಂದರೆ ಬಿಎಸ್‌ಎಫ್, ಹಾಗೂ ಸಿಆರ್‌ಪಿಎಫ್ ಮತ್ತು ಇಂಡೋ-ಟಿಬೆಟನ್ ಗಡಿ ಪೊಲೀಸ್ ಪಡೆಗಳು ಗೃಹ ಸಚಿವಾಲಯದ ಅಧೀನದಲ್ಲಿವೆ. ಶಾಂತಿಕಾಲದಲ್ಲಿ ಅಂತರರಾಷ್ಟ್ರೀಯ ಗಡಿಯ ಬಹುಭಾಗವನ್ನು ಕಾಯುವುದು ಈ ಗಡಿಪಡೆಗಳ ಕೆಲಸವಾದರೆ, ಜಮ್ಮು-ಕಾಶ್ಮೀರದ ನಿಯಂತ್ರಣ ರೇಖೆಯಂಥ ಬಿಕ್ಕಟ್ಟಿನ ಕಡೆಗಳಲ್ಲಿ ಮುಖ್ಯ ಹೊಣೆ ಭೂಸೇನೆಯದು, ಮತ್ತು ಯುದ್ಧ ಒದಗಿದರೆ ನೆಲದ ಮೇಲಿನ ಹೋರಾಟವೆಲ್ಲ ಅದರ ಪಾಲಿಗೇ ಬರುತ್ತದೆ. ಮೂರೂ ಸೇನೆಗಳ ಸರ್ವೋಚ್ಚ ದಂಡಾಧಿಕಾರವನ್ನು ಸಂವಿಧಾನದ 53ನೆಯ ವಿಧಿ ರಾಷ್ಟ್ರಪತಿಗಳಿಗೆ ಒಪ್ಪಿಸಿದ್ದು, ಅವರು ಅದನ್ನು ಚುನಾಯಿತ ಸರ್ಕಾರದ ಸಲಹೆಯಂತೆ ಚಲಾಯಿಸುತ್ತಾರೆ.

ಹತ್ತು ಜನರಿಂದ ಕಮಾಂಡಿನವರೆಗೆ

ಸುಮಾರು 12 ಲಕ್ಷ ಜನರ ಈ ಸಂಸ್ಥೆ ಒಂದೇ ಆದೇಶಕ್ಕೆ ಚಲಿಸಬೇಕಾದರೆ ಅದನ್ನು ಮೆಟ್ಟಿಲು ಮೆಟ್ಟಿಲಾಗಿ ಕಟ್ಟಬೇಕಾಗುತ್ತದೆ. ಪದಾತಿದಳದ, ಅಂದರೆ ಕಾಲಾಳು ಪಡೆಯ, ಅತಿ ಚಿಕ್ಕ ಘಟಕ ಸೆಕ್ಷನ್. ಹವಾಲ್ದಾರನೊಬ್ಬನ ಕೈಕೆಳಗೆ ಇದರಲ್ಲಿ ಸುಮಾರು ಹತ್ತು ಮಂದಿ ಇರುತ್ತಾರೆ. ಮೂರು ಸೆಕ್ಷನ್‌ಗಳು ಸೇರಿ ಒಂದು ಪ್ಲಟೂನ್, ಮೂರು ಪ್ಲಟೂನ್‌ಗಳು ಸೇರಿ ಒಂದು ಕಂಪನಿ. ನಾಲ್ಕು ರೈಫಲ್ ಕಂಪನಿಗಳ ಜತೆಗೆ ಮಾರ್ಟರ್ ಮುಂತಾದ ಭಾರಿ ಆಯುಧಗಳನ್ನು ಹೊತ್ತ ಒಂದು ಬೆಂಬಲ ಕಂಪನಿಯೂ ಅಡುಗೆ, ಉಗ್ರಾಣ, ವಾಹನಗಳನ್ನು ನೋಡಿಕೊಳ್ಳುವ ಇನ್ನೊಂದು ಕಂಪನಿಯೂ ಕೂಡಿದರೆ ಸುಮಾರು 800 ಜನರ ಬೆಟಾಲಿಯನ್. ಕರ್ನಲ್ ಹುದ್ದೆಯ ಅಧಿಕಾರಿಯ ನೇತೃತ್ವದ ಈ ಬೆಟಾಲಿಯನ್ನೇ ಸೈನಿಕನ ಪಾಲಿನ ಮನೆ. ಅವನು ‘ನಮ್ಮ ಪಲ್ಟನ್’ ಎನ್ನುವುದು ಇದನ್ನೇ.

ಇದಕ್ಕೂ ಮೇಲೆ ಮೂರು ಬೆಟಾಲಿಯನ್‌ಗಳ ಬ್ರಿಗೇಡ್‌ಗೊಬ್ಬ ಬ್ರಿಗೇಡಿಯರ್, ಮೂರು ಬ್ರಿಗೇಡ್‌ಗಳ ಡಿವಿಜನ್‌ಗೊಬ್ಬ ಮೇಜರ್ ಜನರಲ್, ಕೆಲವು ಡಿವಿಜನ್‌ಗಳ ಕೋರ್‌ಗೊಬ್ಬ ಲೆಫ್ಟಿನೆಂಟ್ ಜನರಲ್ ಇರುತ್ತಾರೆ. ಕೋರ್‌ಗಳೆಲ್ಲ ಭೂಪ್ರದೇಶದ ಆಧಾರದ ಮೇಲೆ ಆರು ಕಮಾಂಡ್‌ಗಳಲ್ಲಿ ಹಂಚಿಹೋಗಿವೆ: ಉಧಂಪುರದ ಉತ್ತರ, ಚಂಡಿಮಂದಿರದ ಪಶ್ಚಿಮ, ಜೈಪುರದ ನೈಋತ್ಯ, ಲಖನೌದ ಮಧ್ಯ, ಕೋಲ್ಕತ್ತದ ಪೂರ್ವ ಮತ್ತು ಪುಣೆಯ ದಕ್ಷಿಣ ಕಮಾಂಡ್. ಏಳನೆಯದಾದ ಶಿಮ್ಲಾದ ಕಮಾಂಡ್ ತರಬೇತಿಗೆ ಮೀಸಲು. ಕರ್ನಾಟಕ ಸೇರುವುದು ದಕ್ಷಿಣ ಕಮಾಂಡ್‌ಗೆ. ಕರ್ನಾಟಕ ಮತ್ತು ಕೇರಳಗಳ ಸೈನಿಕ ಆಡಳಿತವನ್ನು ನೋಡಿಕೊಳ್ಳುವ ಉಪವಲಯದ ಕಚೇರಿ ಬೆಂಗಳೂರಿನಲ್ಲಿದೆ. ಎಲ್ಲಕ್ಕೂ ಮೇಲೆ ದೆಹಲಿಯಲ್ಲಿ ಭೂಸೇನಾ ಮುಖ್ಯಸ್ಥರಿದ್ದು, ಮೂರೂ ಸೇನೆಗಳ ನಡುವಣ ಹೊಂದಾಣಿಕೆಗೆಂದು 2020ರ ಜನವರಿ 1ರಿಂದ ರಕ್ಷಣಾ ಪಡೆಗಳ ಮುಖ್ಯಸ್ಥರ ಹುದ್ದೆ ಜಾರಿಯಲ್ಲಿದೆ.

ಈ ಏಣಿಯ ನಡುವೆ ವಿಶಿಷ್ಟವಾದ ಒಂದು ಮೆಟ್ಟಿಲಿದೆ. ಸಿಪಾಯಿ, ಲ್ಯಾನ್ಸ್ ನಾಯಕ್, ನಾಯಕ್, ಹವಾಲ್ದಾರ್ ಎಂಬ ಕೆಳಗಿನ ಶ್ರೇಣಿಗೂ ಲೆಫ್ಟಿನೆಂಟ್‌ನಿಂದ ಮೇಲಿನ ಅಧಿಕಾರಿಗಳಿಗೂ ನಡುವೆ ನಾಯಬ್ ಸುಬೇದಾರ್, ಸುಬೇದಾರ್, ಸುಬೇದಾರ್ ಮೇಜರ್ ಎಂಬ ಕಿರಿಯ ಕಮಿಷನ್ಡ್ ಅಧಿಕಾರಿಗಳು ಬರುತ್ತಾರೆ. ಬ್ರಿಟಿಷ್ ಅಧಿಕಾರಿಗೂ ದೇಶೀ ಸಿಪಾಯಿಗೂ ನಡುವೆ ಕೊಂಡಿಯಾಗಿ ಹುಟ್ಟಿದ ಈ ಹುದ್ದೆ ಸ್ವಾತಂತ್ರ್ಯಾನಂತರವೂ ಉಳಿದುಬಂದಿದ್ದಕ್ಕೆ ಕಾರಣವಿದೆ. ಇಪ್ಪತ್ತು ವರ್ಷಕ್ಕೂ ಮಿಕ್ಕಿ ಅದೇ ಪಲ್ಟನ್ನಿನಲ್ಲಿ ದುಡಿದು ಮೇಲೆ ಬಂದ ಸುಬೇದಾರನಿಗೆ ಜವಾನರ ಮನೆಯ ಕಷ್ಟವೂ ಗೊತ್ತು, ಹೊಸದಾಗಿ ಬಂದ ಯುವ ಅಧಿಕಾರಿಗೆ ತಿಳಿಯದ ಒಳಸಂಗತಿಗಳೂ ಗೊತ್ತು.

ಕಾದುವವರು, ಬೆಂಬಲಿಸುವವರು, ಪೂರೈಸುವವರು

ಮೇಲಿನ ಏಣಿ ಅಧಿಕಾರದ ಕ್ರಮವನ್ನು ಹೇಳಿದರೆ, ಸೇನೆಯ ಇನ್ನೊಂದು ವಿಂಗಡಣೆ ಕೆಲಸದ ಬಗೆಯನ್ನು ಆಧರಿಸಿದೆ. ಶತ್ರುವಿನ ಎದುರು ನೇರವಾಗಿ ಕಾದುವ ಪದಾತಿದಳ, ಟ್ಯಾಂಕುಗಳ ಕವಚಿತ ದಳ ಮತ್ತು ಕವಚಿತ ವಾಹನಗಳಲ್ಲಿ ಸಾಗುವ ಯಾಂತ್ರಿಕ ಪದಾತಿದಳ ಮೊದಲ ಗುಂಪು. ದೂರದಿಂದ ಗುಂಡು ಸುರಿಸುವ ಫಿರಂಗಿದಳ, ದಾರಿ-ಸೇತುವೆ-ನೆಲಬಾಂಬುಗಳನ್ನು ನೋಡಿಕೊಳ್ಳುವ ಎಂಜಿನಿಯರ್ ದಳ, ಸಂಪರ್ಕದ ಸಿಗ್ನಲ್ಸ್, ವಾಯುರಕ್ಷಣಾ ದಳ ಮತ್ತು ಹೆಲಿಕಾಪ್ಟರ್‌ಗಳ ಸೇನಾ ವಾಯುದಳ ಎರಡನೆಯ ಗುಂಪು. ಆಹಾರ, ಇಂಧನ, ಮದ್ದುಗುಂಡು, ದುರಸ್ತಿ, ವೈದ್ಯಕೀಯ ಸೇವೆಗಳು ಮೂರನೆಯ ಗುಂಪು.

ಕರ್ನಾಟಕದಲ್ಲಿ ಈ ಮೂರೂ ಗುಂಪುಗಳಿಗೆ ಸೇರಿದ ಕೇಂದ್ರಗಳಿವೆ. 1780ರಲ್ಲಿ ಹುಟ್ಟಿದ ಮದ್ರಾಸ್ ಎಂಜಿನಿಯರ್ ಗ್ರೂಪ್‌ನ ನೆಲೆ ಬೆಂಗಳೂರು. ರೂರ್ಕಿಯ ಬೆಂಗಾಲ್ ಗ್ರೂಪ್ ಮತ್ತು ಖಡ್ಕಿಯ ಬಾಂಬೆ ಗ್ರೂಪ್‌ಗಳೊಡನೆ ಸೇರಿ ಇದು ಸೇನೆಯ ಮೂರು ಎಂಜಿನಿಯರ್ ಗುಂಪುಗಳಲ್ಲೊಂದು, ಇದರ ಸೈನಿಕರನ್ನು ಸ್ಯಾಪರ್ ಎನ್ನುತ್ತಾರೆ. ಪ್ಯಾರಾಶೂಟ್ ರೆಜಿಮೆಂಟಿನ ತರಬೇತಿ ಕೇಂದ್ರ, ಪೂರೈಕೆಯ ಹೊಣೆ ಹೊತ್ತ ಆರ್ಮಿ ಸರ್ವಿಸ್ ಕೋರ್‌ನ ಕೇಂದ್ರ, ಸೇನಾ ಪೊಲೀಸರ ಕೇಂದ್ರಗಳೂ ಬೆಂಗಳೂರಿನಲ್ಲಿವೆ. ಮೂಲವನ್ನು 1768ಕ್ಕೆ ಒಯ್ಯುವ ಮರಾಠಾ ಲಘು ಪದಾತಿದಳದ ಕೇಂದ್ರ ಸುಮಾರು ನೂರು ವರ್ಷಗಳಿಂದ ಬೆಳಗಾವಿಯಲ್ಲಿದ್ದು, ಸೇನೆಯ ಕಮಾಂಡೊ ತರಬೇತಿಯೂ ಅದೇ ಊರಿನಲ್ಲಿ ನಡೆಯುತ್ತದೆ.

ರೆಜಿಮೆಂಟ್ ಎಂಬುದನ್ನು ಇಲ್ಲಿ ಬಿಡಿಸಿ ಹೇಳಬೇಕು. ಪದಾತಿದಳದಲ್ಲಿ ರೆಜಿಮೆಂಟ್ ಒಂದು ಮನೆತನವೇ ಹೊರತು ಕಾದುವ ಘಟಕವಾಗಿರುವುದಿಲ್ಲ. ಒಂದೇ ಕೇಂದ್ರದಲ್ಲಿ ತರಬೇತಿ ಪಡೆದು, ಒಂದೇ ಲಾಂಛನ ಮತ್ತು ರಣಘೋಷ ಹೊತ್ತ ಬೆಟಾಲಿಯನ್‌ಗಳು ಬೇರೆ ಬೇರೆ ಗಡಿಗಳಲ್ಲಿ ಬೇರೆ ಬೇರೆ ಬ್ರಿಗೇಡ್‌ಗಳ ಅಡಿಯಲ್ಲಿರುತ್ತವೆ. ಕನ್ನಡಿಗರಿಗೆ ಮೀಸಲಾದ ರೆಜಿಮೆಂಟ್ ಇಲ್ಲ. ಪದಾತಿದಳ ಸೇರುವ ಕನ್ನಡಿಗರು ಬಹುಮಟ್ಟಿಗೆ ನೀಲಗಿರಿಯ ವೆಲ್ಲಿಂಗ್ಟನ್‌ನಲ್ಲಿ ಕೇಂದ್ರವಿರುವ ಮದ್ರಾಸ್ ರೆಜಿಮೆಂಟಿಗೋ ಮರಾಠಾ ಲಘು ಪದಾತಿದಳಕ್ಕೋ ಹೋಗುತ್ತಾರೆ. ಹಿಂದೆ ಮೈಸೂರು ಸಂಸ್ಥಾನಕ್ಕೆ ತನ್ನದೇ ಪಡೆಗಳಿದ್ದವು. ಮೊದಲ ಮಹಾಯುದ್ಧದಲ್ಲಿ, 1918ರ ಸೆಪ್ಟೆಂಬರ್ 23ರಂದು, ಇಂದಿನ ಇಸ್ರೇಲಿನ ಹೈಫಾ ಪಟ್ಟಣವನ್ನು ಗೆದ್ದ ಕುದುರೆಪಡೆಯಲ್ಲಿ ಜೋಧಪುರದವರೊಡನೆ ಮೈಸೂರು ಲ್ಯಾನ್ಸರ್ಸ್ ಸಹ ಇದ್ದರು. ಆ ಪರಂಪರೆ ಮುಂದೆ ಜೈಪುರದ 61ನೆಯ ಅಶ್ವದಳದಲ್ಲಿ ವಿಲೀನವಾಯಿತು.

ಜೋಜಿಲಾ: ಹಲವು ಕಸುಬುಗಳ ಒಂದು ಗೆಲುವು

ಕಸುಬುಗಳು ಕೂಡಿದರೆ ಏನಾಗುತ್ತದೆ ಎಂಬುದಕ್ಕೆ 1948ರ ಜೋಜಿಲಾ ಕಾರ್ಯಾಚರಣೆ ಸ್ಪಷ್ಟ ನಿದರ್ಶನ. ಶ್ರೀನಗರದಿಂದ ಲೇಹ್‌ಗೆ ಹೋಗುವ ದಾರಿಯಲ್ಲಿ ಸುಮಾರು 11,500 ಅಡಿ ಎತ್ತರದಲ್ಲಿರುವ ಈ ಕಣಿವೆಯನ್ನು ಪಾಕಿಸ್ತಾನದ ಕಡೆಯ ಎದುರಾಳಿಗಳು ಹಿಡಿದುಕೊಂಡಿದ್ದು, ಸೆಪ್ಟೆಂಬರ್‌ನಲ್ಲಿ ಪದಾತಿದಳ ನಡೆಸಿದ ದಾಳಿಗಳು ವಿಫಲವಾಗಿದ್ದವು. ಚಳಿಗಾಲದೊಳಗೆ ದಾರಿ ತೆರೆಯದಿದ್ದರೆ ಲೇಹ್ ಕೈತಪ್ಪುವ ಅಪಾಯವಿತ್ತು. ಅಲ್ಲಿನ ಡಿವಿಜನ್‌ನ ದಂಡನಾಯಕರಾಗಿದ್ದವರು ಮಡಿಕೇರಿಯಲ್ಲಿ ಹುಟ್ಟಿದ ಕೆ.ಎಸ್. ತಿಮ್ಮಯ್ಯ. ಅಷ್ಟು ಎತ್ತರಕ್ಕೆ ಟ್ಯಾಂಕುಗಳನ್ನು ಏರಿಸುವ ನಿರ್ಧಾರವಾದಾಗ 7ನೆಯ ಕ್ಯಾವಲ್ರಿಯ ಸ್ಟುವರ್ಟ್ ಟ್ಯಾಂಕುಗಳ ಮೇಲ್ಭಾಗದ ಗೋಪುರಗಳನ್ನು ಕಳಚಿ, ಗುರುತು ಸಿಗದಂತೆ ಮುಚ್ಚಿ, ದಾರಿಯ ದುರ್ಬಲ ಸೇತುವೆಗಳ ಮೇಲೆ ಜೋಪಾನವಾಗಿ ಶ್ರೀನಗರಕ್ಕೆ ತರಲಾಯಿತು. ಹೇಸರಗತ್ತೆಗಳಷ್ಟೇ ನಡೆಯುತ್ತಿದ್ದ ಕಾಲುದಾರಿಯನ್ನು ಟ್ಯಾಂಕು ಸಾಗುವಷ್ಟು ಅಗಲಗೊಳಿಸಿದವರು ಮದ್ರಾಸ್ ಸ್ಯಾಪರ್‌ಗಳು. ನವೆಂಬರ್ 1ರಂದು ಟ್ಯಾಂಕುಗಳು ಕಣಿವೆಯೊಳಗೆ ನುಗ್ಗಿ ಬಂಕರುಗಳ ಮೇಲೆ ಗುಂಡು ಹಾರಿಸಿದಾಗ ಅದನ್ನು ನಿರೀಕ್ಷಿಸದಿದ್ದ ಎದುರಾಳಿಗಳು ಹಿಮ್ಮೆಟ್ಟಿದರು, ಹಿಂದೆಯೇ ಪದಾತಿದಳ ಎತ್ತರದ ನೆಲೆಗಳನ್ನು ವಶಪಡಿಸಿಕೊಂಡಿತು, ಅದೇ ತಿಂಗಳು ದ್ರಾಸ್ ಮತ್ತು ಕಾರ್ಗಿಲ್‌ಗಳೂ ಕೈಸೇರಿದವು. ಪದಾತಿದಳ ಒಂಟಿಯಾಗಿ ಮಾಡಲಾಗದ್ದನ್ನು ಸ್ಯಾಪರ್‌ನ ಗುದ್ದಲಿ, ಟ್ಯಾಂಕಿನ ಗುಂಡು ಮತ್ತು ಕಾಲಾಳಿನ ಹೆಜ್ಜೆ ಒಂದಾಗಿ ಸಾಧಿಸಿದವು.

ಇದಾದ ಎರಡೂವರೆ ತಿಂಗಳಿಗೆ, 1949ರ ಜನವರಿ 15ರಂದು, ಕೊಡಗಿನವರೇ ಆದ ಕೆ.ಎಂ. ಕಾರ್ಯಪ್ಪ ಸ್ವತಂತ್ರ ಭಾರತದ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದರು. ಆ ದಿನವೇ ಇಂದು ಸೇನಾ ದಿನ. ದೆಹಲಿಯಲ್ಲೇ ನಡೆಯುತ್ತಿದ್ದ ಅದರ ಪರೇಡ್ 2023ರಲ್ಲಿ ಮೊದಲ ಬಾರಿಗೆ ಹೊರಗೆ ಬಂದಾಗ ಆಯ್ಕೆಯಾದದ್ದು ಬೆಂಗಳೂರಿನ ಮದ್ರಾಸ್ ಎಂಜಿನಿಯರ್ ಗ್ರೂಪ್‌ನ ಮೈದಾನ.

ಯುದ್ಧವಿಲ್ಲದ ದಿನಗಳ ಕೆಲಸ

ಹೊರಗಿನ ದಾಳಿಯಿಂದ ದೇಶವನ್ನು ಕಾಯುವುದು ಸೇನೆಯ ಮೊದಲ ಹೊಣೆ. ಆದರೆ ಪೂರ್ಣ ಯುದ್ಧಗಳು ವಿರಳ. ಸೈನಿಕನ ಸೇವೆಯ ಬಹುಪಾಲು ಕಳೆಯುವುದು ಗಡಿ ಕಾವಲು, ತರಬೇತಿ ಮತ್ತು ಒಳನಾಡಿನ ಕರ್ತವ್ಯಗಳಲ್ಲಿ. 1984ರ ಏಪ್ರಿಲ್‌ನಿಂದ ಸಿಯಾಚಿನ್ ನೀರ್ಗಲ್ಲಿನ ಮೇಲೆ ಸೇನೆ ಬೀಡುಬಿಟ್ಟಿದ್ದು, ಅಲ್ಲಿ ಗುಂಡಿಗಿಂತ ಹಿಮಕ್ಕೇ ಹೆಚ್ಚು ಪ್ರಾಣಗಳು ಹೋಗಿವೆ. 2016ರ ಫೆಬ್ರವರಿಯಲ್ಲಿ ಸುಮಾರು 19,600 ಅಡಿ ಎತ್ತರದ ಠಾಣೆಯ ಮೇಲೆ ಹಿಮ ಕುಸಿದು ಮದ್ರಾಸ್ ರೆಜಿಮೆಂಟಿನ ಹತ್ತು ಮಂದಿ ಹೂತುಹೋದರು. ಆರು ದಿನಗಳ ಬಳಿಕ ಜೀವಂತವಾಗಿ ಸಿಕ್ಕವರು ಕುಂದಗೋಳ ತಾಲ್ಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಒಬ್ಬರೇ. ಅವರೂ ಫೆಬ್ರವರಿ 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ತೀರಿಕೊಂಡರು.

ಕಾಶ್ಮೀರದಂಥ ಕಡೆಗಳಲ್ಲಿ ಉಗ್ರರನ್ನು ಎದುರಿಸಲು 1990ರಲ್ಲಿ ರಾಷ್ಟ್ರೀಯ ರೈಫಲ್ಸ್ ಎಂಬ ಪಡೆಯನ್ನು ಕಟ್ಟಲಾಯಿತು; ಇದಕ್ಕೆ ಸೈನಿಕರು ಸೇನೆಯ ಇತರ ದಳಗಳಿಂದ ನಿಯೋಜನೆಯ ಮೇಲೆ ಬರುತ್ತಾರೆ. ವಿಶ್ವಸಂಸ್ಥೆಯ ಶಾಂತಿಪಾಲನೆಯೂ ಸೇನೆಯ ಕೆಲಸಗಳಲ್ಲೊಂದು. ಭೂಸೇನಾ ಮುಖ್ಯಸ್ಥರಾಗಿ 1961ರಲ್ಲಿ ನಿವೃತ್ತರಾದ ತಿಮ್ಮಯ್ಯ ಸೈಪ್ರಸ್‌ನ ಶಾಂತಿಪಡೆಯ ಮುಖ್ಯಸ್ಥರಾಗಿರುವಾಗಲೇ 1965ರ ಡಿಸೆಂಬರ್‌ನಲ್ಲಿ ಅಲ್ಲಿ ನಿಧನರಾದರು.

ಕರಾವಳಿ ಮತ್ತು ಮಲೆನಾಡಿನವರಿಗೆ ಸೇನೆ ಎದುರಾಗುವುದು ಹೆಚ್ಚಾಗಿ ಮಳೆಗಾಲದ ಅನಾಹುತಗಳಲ್ಲಿ. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಜರಿದಾಗ ಸೇನಾ ತುಕಡಿಗಳು ಬಂದವು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ರಾಷ್ಟ್ರೀಯ ಹೆದ್ದಾರಿಯ ಮೇಲೆ ಕುಸಿದಾಗ ಕೆಲವು ದಿನಗಳ ಬಳಿಕ ಬೆಳಗಾವಿಯಿಂದ ತುಕಡಿ ತಲುಪಿತು. ಆದರೆ ಪಕ್ಕದ ಗಂಗಾವಳಿ ನದಿಯ ರಭಸದೆದುರು ಸೇನೆಯ ಸಾಧನಗಳೂ ಸಾಲದೆ, ಕುಸಿತದಲ್ಲಿ ನದಿಗೆ ಬಿದ್ದು ಮುಳುಗಿದ ಲಾರಿಯೊಂದನ್ನು ಮೇಲೆತ್ತಲು ಸೆಪ್ಟೆಂಬರ್‌ನವರೆಗೆ ಕಾದು ಹೂಳೆತ್ತುವ ಯಂತ್ರ ತರಿಸಬೇಕಾಯಿತು.

ಅದೇ ಜುಲೈ 30ರಂದು ವಯನಾಡಿನ ಚೂರಲ್‌ಮಲದಲ್ಲಿ ಭೂಕುಸಿತದಲ್ಲಿ ಸೇತುವೆ ಕೊಚ್ಚಿಹೋಗಿ ಮುಂಡಕ್ಕೈ ಸಂಪರ್ಕ ಕಳೆದುಕೊಂಡಾಗ ಬೆಂಗಳೂರಿನ ಸ್ಯಾಪರ್‌ಗಳು ಆಗಸ್ಟ್ 1ರ ಸಂಜೆಯೊಳಗೆ 190 ಅಡಿ ಉದ್ದದ, 24 ಟನ್ ಭಾರ ತಾಳುವ ಬೈಲಿ ಸೇತುವೆಯನ್ನು ನಿಲ್ಲಿಸಿದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನಲ್ಲಿ ರೂಪುಗೊಂಡ ಈ ಬಗೆಯ ಸೇತುವೆಯ ಮೂಲಭಾಗ ಹತ್ತು ಅಡಿ ಉದ್ದದ ಉಕ್ಕಿನ ಚೌಕಟ್ಟು. ಸುಮಾರು 260 ಕಿಲೋ ತೂಗುವ ಅದನ್ನು ಆರು ಜನ ಕೈಯಲ್ಲೇ ಎತ್ತಿ ತರಬಹುದು. ಒಂದಕ್ಕೊಂದು ತೋಳು ಹೊಂದಿಸಿ ಉಕ್ಕಿನ ಗೂಟ ಜಡಿದು ಒಂದು ದಡದಲ್ಲಿ ಕಟ್ಟುತ್ತಾ, ಉರುಳೆಗಳ ಮೇಲೆ ಎದುರು ದಡಕ್ಕೆ ನೂಕುತ್ತಾ ಹೋದರೆ ಸೇತುವೆ ಸಿದ್ಧವಾಗುತ್ತದೆ. ಶತ್ರುವಿನ ನಾಡಿನಲ್ಲಿ ಹೊಳೆ ದಾಟಲೆಂದು ಕಲಿತ ವಿದ್ಯೆ ಇಲ್ಲಿ ಮಣ್ಣು ತೋಡುವ ಯಂತ್ರಗಳನ್ನೂ ಆಂಬುಲೆನ್ಸ್‌ಗಳನ್ನೂ ಆಚೆ ದಾಟಿಸಿತು.

ಹೀಗೆ ಒಳನಾಡಿಗೆ ಬರುವ ಸೇನೆ ತಾನಾಗಿ ಬರುವುದಿಲ್ಲ. ಜಿಲ್ಲಾಡಳಿತದ ಪೊಲೀಸ್, ಅಗ್ನಿಶಾಮಕ ಮತ್ತು ವಿಪತ್ತು ನಿರ್ವಹಣಾ ಪಡೆಗಳ ಕೈಮೀರಿದಾಗ ನಾಗರಿಕ ಆಡಳಿತದ ಕೋರಿಕೆಯ ಮೇಲೆ ಬಂದು, ಕೆಲಸ ಮುಗಿದೊಡನೆ ಹಿಂದಿರುಗುತ್ತದೆ. ಗಲಭೆಯ ಸಂದರ್ಭದಲ್ಲಿ ಸೇನೆಯನ್ನು ಕರೆಸುವುದಕ್ಕೂ ಕಾನೂನು ದಂಡಾಧಿಕಾರಿಯ ಆದೇಶದ ಕಟ್ಟುಪಾಡನ್ನು ಇಟ್ಟಿದೆ.

ಸೇರುವವರ ಎದುರಿನ ಆಯ್ಕೆ

2022ರ ಜೂನ್‌ನಲ್ಲಿ ಘೋಷಣೆಯಾದ ಅಗ್ನಿಪಥ ಯೋಜನೆಯ ಬಳಿಕ ಅಧಿಕಾರಿ ಹುದ್ದೆಗಿಂತ ಕೆಳಗಿನ ನೇಮಕಾತಿ ಬಹುತೇಕ ಅಗ್ನಿವೀರರಾಗಿಯೇ ನಡೆಯುತ್ತಿದೆ. ಮೊದಲು ಆನ್‌ಲೈನ್ ಲಿಖಿತ ಪರೀಕ್ಷೆ, ಆಮೇಲೆ 1.6 ಕಿಲೋಮೀಟರ್ ಓಟವೂ ಸೇರಿದ ದೈಹಿಕ ಪರೀಕ್ಷೆ, ವೈದ್ಯಕೀಯ ತಪಾಸಣೆ. ಆಯ್ಕೆಯಾದವರ ಅವಧಿ ನಾಲ್ಕು ವರ್ಷ, ಬಳಿಕ ಶೇ. 25ರಷ್ಟು ಮಂದಿಗೆ ಮಾತ್ರ ಕಾಯಂ ಸೇವೆಯ ಅವಕಾಶ. ದಕ್ಷಿಣ ಕನ್ನಡದ ಅಭ್ಯರ್ಥಿಗಳಿಗೆ ಮಂಗಳೂರಿನ ಕಚೇರಿಯೇ ಇದರ ಬಾಗಿಲು.

ನಾಲ್ಕು ವರ್ಷದ ಈ ಲೆಕ್ಕದಲ್ಲಿ ಸೇನೆಯ ರಚನೆಯ ತಿಳಿವಳಿಕೆ ಪಠ್ಯದ ಸಂಗತಿಯಾಗಿ ಉಳಿಯುವುದಿಲ್ಲ. ಸಾಮಾನ್ಯ ಕರ್ತವ್ಯದ ಕಾಲಾಳು, ತಾಂತ್ರಿಕ ವಿಭಾಗದವನು, ಗುಮಾಸ್ತೆ ಅಥವಾ ಉಗ್ರಾಣ ನೋಡಿಕೊಳ್ಳುವವನು ಹೊರಬರುವಾಗ ಕೈಯಲ್ಲಿ ಹಿಡಿದು ತರುವ ಕಸುಬು ಒಂದೇ ಆಗಿರುವುದಿಲ್ಲ. ಆದ್ದರಿಂದ ಓಟಕ್ಕೆ ಮೈ ಪಳಗಿಸುವ ಯುವಕ ಯಾವ ವಿಭಾಗಕ್ಕೆ ಅರ್ಜಿ ಹಾಕುತ್ತಿದ್ದೇನೆ, ಅಲ್ಲಿ ಏನು ಕಲಿಸುತ್ತಾರೆ ಎಂಬುದನ್ನು ಪ್ರಕಟಣೆ ಓದುವಾಗಲೇ ವಿಚಾರಿಸಿಕೊಳ್ಳಬೇಕು. ಆ ಒಂದು ಆಯ್ಕೆ ಅವನ ಸೇವೆಯನ್ನಷ್ಟೇ ಅಲ್ಲದೆ ಊರಿಗೆ ಮರಳಿದ ಮೇಲಿನ ಬದುಕನ್ನೂ ನಿರ್ಧರಿಸುತ್ತದೆ.