ಹಳ್ಳಕ್ಕೆ ಎಣ್ಣೆ ಚೆಲ್ಲಿದಾಗ ವಹಿಸಬೇಕಾದ ಎಚ್ಚರಿಕೆ

ಎಣ್ಣೆ ಸೋರಿಕೆ ಎಂದೊಡನೆ ಅದು ಕಡಲ ತೀರದವರ ಕಷ್ಟ ಎಂದು ಮಲೆನಾಡಿನ ರೈತರಿಗೆ ಅನಿಸುವುದು ಸಹಜ. 2006ರ ಮೇ 30ರಂದು ‘ಓಷನ್ ಸೆರಾಯಾ’ ಎಂಬ ಸರಕು ಹಡಗು ಕಾರವಾರದ ಬಳಿ ಆಯ್‌ಸ್ಟರ್ ರಾಕ್ ದ್ವೀಪದ ಬಂಡೆಗಳಿಗೆ ಸಿಕ್ಕಿ ಒಡೆಯಿತು. ಅದರ ಉರುವಲು ಎಣ್ಣೆ ಕಾರವಾರದ ಕಿನಾರೆಗೂ ಗೋವೆಯ ಕಿನಾರೆಗೂ ಹರಡಿತು.

ಆದರೆ ಈ ಅಪಾಯ ವನಗೂರು, ಹೆತ್ತೂರು ಕಡೆಗೂ ದೂರದ್ದಲ್ಲ. ಮಂಗಳೂರಿನಿಂದ ಪೆಟ್ರೋಲ್, ಡೀಸೆಲ್ ತುಂಬಿದ ಟ್ಯಾಂಕರುಗಳು ಶಿರಾಡಿ ಘಾಟಿ ಹತ್ತಿ ಸಕಲೇಶಪುರದ ಮೂಲಕ ಸಾಗುತ್ತವೆ. ಮಂಗಳೂರು-ಹಾಸನ-ಬೆಂಗಳೂರು ಎಣ್ಣೆ ಕೊಳವೆ ಮಾರ್ಗವೂ ಘಟ್ಟ ದಾಟಿ ಹೋಗಿದೆ. ಇವೆರಡಕ್ಕಿಂತ ಹತ್ತಿರದ್ದು, ಕಾಫಿಗೆ ನೀರು ಹಾಯಿಸಲು ಕೆರೆ ದಡದಲ್ಲಿ ಇಡುವ ಡೀಸೆಲ್ ಪಂಪು ಮತ್ತು ಅದರ ಪಕ್ಕದ ಪೀಪಾಯಿ. ಈ ಸೀಮೆಯಲ್ಲಿ ಪಶ್ಚಿಮಕ್ಕೆ ಇಳಿಯುವ ಹಳ್ಳಗಳು ಕುಮಾರಧಾರೆ, ನೇತ್ರಾವತಿಗಳ ಮೂಲಕ ಮಂಗಳೂರಿನ ಕಡಲಿಗೂ, ಪೂರ್ವಕ್ಕೆ ಹರಿಯುವವು ಹೇಮಾವತಿಯ ಮೂಲಕ ಕಾವೇರಿಗೂ ಸೇರುತ್ತವೆ. ಇಲ್ಲಿ ಚೆಲ್ಲಿದ್ದು ಇಲ್ಲಿಗೇ ನಿಲ್ಲುವುದಿಲ್ಲ.

ತಕ್ಷಣ ಮಾಡಬೇಕಾದುದು

ಪೆಟ್ರೋಲಿನ ಆವಿ ಗಾಳಿಗಿಂತ ಭಾರವಾದುದು. ಅದು ಮೇಲೇರದೆ ತಗ್ಗಿನಲ್ಲಿ, ಚರಂಡಿಯಲ್ಲಿ, ಹಳ್ಳದ ಗುಂಟ ಹರಿದು ದೂರದ ಕಿಡಿಯಿಂದಲೂ ಹೊತ್ತಿಕೊಳ್ಳುವುದು. ಆದ್ದರಿಂದ:

1. ಗಾಳಿ ಬೀಸುವ ದಿಕ್ಕನ್ನು ನೋಡಿ, ಗಾಳಿ ಬರುವ ಕಡೆಗೆ, ಎತ್ತರದ ಜಾಗಕ್ಕೆ ಸರಿಯಬೇಕು. ಮಕ್ಕಳನ್ನೂ ಗರ್ಭಿಣಿಯರನ್ನೂ ಮೊದಲು ಕಳುಹಿಸಬೇಕು.
2. ಬೀಡಿ, ಒಲೆ, ದೀಪ ಕೂಡದು. ಹತ್ತಿರದಲ್ಲಿ ವಾಹನವನ್ನಾಗಲಿ ಪಂಪನ್ನಾಗಲಿ ಚಾಲೂ ಮಾಡಬಾರದು.
3. ದೂರ ಸರಿದ ನಂತರವೇ 112ಕ್ಕೆ ಫೋನು ಮಾಡಿ ಸ್ಥಳವನ್ನು ಸರಿಯಾಗಿ ತಿಳಿಸಬೇಕು.
4. ಮಗುಚಿದ ಟ್ಯಾಂಕರಿನಿಂದ ಎಣ್ಣೆ ತುಂಬಿಕೊಳ್ಳಲು ಎಂದಿಗೂ ಹೋಗಬಾರದು. 2017ರ ಜೂನ್ 25ರಂದು ಪಾಕಿಸ್ತಾನದ ಬಹಾವಲಪುರದ ಬಳಿ ಹೀಗೆ ಕೊಡ ಹಿಡಿದು ಹೋದ ಜನರ ನಡುವೆ ಬೆಂಕಿ ಹತ್ತಿ 200ಕ್ಕೂ ಹೆಚ್ಚು ಮಂದಿ ಸತ್ತರು.

ಮೈಗೆ, ಹೊಟ್ಟೆಗೆ ತಗುಲಿದರೆ

ಆವಿ ಸೇವಿಸಿದವರಿಗೆ ತಲೆನೋವು, ತಲೆಸುತ್ತು, ವಾಕರಿಕೆ, ಕಣ್ಣುರಿ ಬರಬಹುದು. ಅಂಥವರನ್ನು ಶುದ್ಧ ಗಾಳಿಗೆ ಕರೆತರಬೇಕು. ಎಣ್ಣೆಯಲ್ಲಿ ನೆನೆದ ಬಟ್ಟೆಯನ್ನು ಕೂಡಲೇ ತೆಗೆದು, ಚರ್ಮವನ್ನು ಸಾಬೂನು ನೀರಿನಿಂದ ತೊಳೆಯಬೇಕು. ಅಂಟಿದ ಕಪ್ಪು ಜಿಡ್ಡನ್ನು ಕೊಬ್ಬರಿ ಎಣ್ಣೆ ಸವರಿ ಒರೆಸಬಹುದು, ಸೀಮೆಎಣ್ಣೆಯಿಂದ ಉಜ್ಜಬಾರದು. ಕಣ್ಣಿಗೆ ಬಿದ್ದರೆ ಕಾಲು ಗಂಟೆ ಶುದ್ಧ ನೀರು ಹಾಯಿಸಬೇಕು.

ಕೊಳವೆಯಿಂದ ಡೀಸೆಲ್ ಎಳೆಯುವಾಗ ನುಂಗಿದವರಿಗೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವುದು ದೊಡ್ಡ ತಪ್ಪು. ವಾಂತಿಯಾಗುವಾಗ ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ಪ್ರಾಣಕ್ಕೇ ಅಪಾಯ. ತಡಮಾಡದೆ 108 ವಾಹನದಲ್ಲಿ ಆಸ್ಪತ್ರೆಗೆ ಸಾಗಿಸಬೇಕು.

ಕುಡಿಯುವ ನೀರು

ಎಣ್ಣೆ ಬೆರೆತ ನೀರನ್ನು ಕಾಯಿಸಿದರೆ ಶುದ್ಧವಾಗದು; ಆವಿ ಮನೆಯೊಳಗೆ ಹರಡಿ ಬೆಂಕಿಯ ಭಯ ಹೆಚ್ಚುವುದು. ಬಟ್ಟೆಯಲ್ಲಿ ಸೋಸಿದರೂ ಪ್ರಯೋಜನವಿಲ್ಲ. ಎಣ್ಣೆ ಚೆಲ್ಲಿದ ಜಾಗಕ್ಕಿಂತ ಮೇಲಿರುವ ಬುಗ್ಗೆಯ ನೀರನ್ನು ತರಬೇಕು. ಹಳ್ಳದ ಕೆಳಗಿನ ಊರಿನವರಿಗೆ ಕೂಡಲೇ ಸುದ್ದಿ ಮುಟ್ಟಿಸಬೇಕು. ಬಾವಿ ನೀರಿನಲ್ಲಿ ವಾಸನೆ ಬಂದರೆ ಪರೀಕ್ಷೆಯಾಗುವವರೆಗೆ ಸೇದಬಾರದು. ಸತ್ತು ತೇಲುವ ಮೀನನ್ನು ತಿನ್ನಬಾರದು.

ದನಕರು ಮತ್ತು ಗದ್ದೆ

ದನಗಳನ್ನು ಹಳ್ಳಕ್ಕೆ ಬಿಡದೆ ಕೊಟ್ಟಿಗೆಯಲ್ಲೇ ನೀರು ಕುಡಿಸಬೇಕು. ಎಣ್ಣೆ ನೀರು ಕುಡಿದ ದನಕ್ಕೆ ಗೊಟ್ಟದಲ್ಲಿ ಏನನ್ನೂ ಹಾಕಬಾರದು. ಅದು ಶ್ವಾಸಕೋಶಕ್ಕೆ ಹೋಗಬಹುದು. 1962ಕ್ಕೆ ಕರೆಮಾಡಿ ಪಶುವೈದ್ಯರನ್ನು ಕರೆಸಬೇಕು.

ಗದ್ದೆಗೆ ನೀರು ಬರುವ ಬಾಯಿಯನ್ನು ಕೂಡಲೇ ಮುಚ್ಚಬೇಕು. ಚೆಲ್ಲಿದ್ದು ಪೆಟ್ರೋಲ್ ಆದರೆ ಅಗ್ನಿಶಾಮಕ ದಳದವರಲ್ಲದೆ ಯಾರೂ ಹತ್ತಿರ ಹೋಗಬಾರದು. ಪಂಪಿನಿಂದ ಚೆಲ್ಲಿದ ಅಲ್ಪ ಡೀಸೆಲ್ ಆದರೆ, ಎಣ್ಣೆ ನೀರಿನ ಮೇಲೆ ತೇಲುವ ಗುಣವನ್ನು ಬಳಸಿಕೊಳ್ಳಬಹುದು. ಕಾಲುವೆಗೆ ಮಣ್ಣಿನ ಕಟ್ಟು ಹಾಕಿ, ತಳದಲ್ಲಿ ಕೊಳವೆ ಇಟ್ಟರೆ ನೀರು ಕೆಳಗಿನಿಂದ ಹರಿದು ಹೋಗಿ ಎಣ್ಣೆ ಮೇಲೆ ಉಳಿಯುವುದು. ಒಣಹುಲ್ಲಿನ ಕಂತೆಗಳು ಅದನ್ನು ಹೀರುವುವು. ಈ ಕೆಲಸಕ್ಕೆ ಕೈಚೀಲ, ಗಂಬೂಟು ಅಗತ್ಯ. ಆ ಹುಲ್ಲನ್ನು ದನಕ್ಕೆ ಹಾಕಬಾರದು, ಸುಡಲೂ ಬಾರದು. ಎಣ್ಣೆ ಇಂಗಿದ ಮಣ್ಣನ್ನು ಉತ್ತು ಬೆರೆಸದೆ, ಮುಂದಿನ ಬೆಳೆಗೆ ಮೊದಲು ಕಂದಲಿಯ ಕೃಷಿ ವಿಜ್ಞಾನ ಕೇಂದ್ರದ ಸಲಹೆ ಪಡೆಯುವುದು ಒಳ್ಳೆಯದು.

ಮುಂಜಾಗ್ರತೆ

ಪೀಪಾಯಿಯನ್ನು ದಡದಿಂದ ದೂರವಿಟ್ಟು, ಸುತ್ತ ಮಣ್ಣಿನ ಬದು ಹಾಕಿ. ಪಂಪಿನ ಕೆಳಗೆ ತಗಡಿನ ತಟ್ಟೆ ಇರಲಿ. ಬಳಸಿದ ಎಂಜಿನ್ ಆಯಿಲನ್ನು ಹಳ್ಳಕ್ಕೆ ಚೆಲ್ಲಬೇಡಿ. ಕೊಳವೆ ಮಾರ್ಗದ ಗುರುತಿನ ಕಂಬಗಳ ಬಳಿ ಕೇಳದೆ ಅಗೆಯಬೇಡಿ. ಚೆಲ್ಲಿದ ಎಣ್ಣೆಯನ್ನು ಹಳ್ಳದಿಂದ ತೆಗೆಯುವುದಕ್ಕಿಂತ ಚೆಲ್ಲದಂತೆ ನೋಡಿಕೊಳ್ಳುವುದು ಸುಲಭ, ಖರ್ಚೂ ಕಡಿಮೆ.